ಪ್ಯಾಂಟ್ ಅಂಗಡಿಗೆ ಹೋದರೆ ಮೊದಲು ಕುರ್ಚಿ ಕೇಳಿ

ನನ್ನ ಹೊಲಿಗೆ ಅಂಗಡಿಗೆ ವಾರಕ್ಕೆ ನಾಲ್ಕೈದು ಜನ ಜೀನ್ಸ್ ಹಿಡಿದುಕೊಂಡು ಬರುತ್ತಾರೆ. ಹೆಚ್ಚಿನವರು ಐವತ್ತು ದಾಟಿದವರು. ಎಲ್ಲರದೂ ಒಂದೇ ಮಾತು: "ಮಾಸ್ಟರ್, ಸೊಂಟ ಒಂದು ಇಂಚು ಬಿಡಿಸಿಕೊಡಿ." ನಾನು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ತೋರಿಸುತ್ತೇನೆ. ಬಿಡಿಸೋಣ ಅಂದರೆ ಒಳಗೆ ಬಟ್ಟೆಯೇ ಇರುವುದಿಲ್ಲ.

ನಾನು ಬಳ್ಳಾರಿಯವನು. ಕೌಲ್ ಬಜಾರ್ ಕಡೆಯ ಒಂದು ಜೀನ್ಸ್ ಯೂನಿಟ್‌ನಲ್ಲಿ 28 ವರ್ಷ ಕಟಿಂಗ್ ಮಾಸ್ಟರ್ ಆಗಿದ್ದೆ. ಟೇಬಲ್ ಮೇಲೆ ಐವತ್ತು ಅರವತ್ತು ಪದರ ಡೆನಿಮ್ ಹಾಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಮಷಿನ್ ಕತ್ತಿ ಓಡಿಸುವುದು ನನ್ನ ಕೆಲಸ. ನಮ್ಮೂರಿನಲ್ಲಿ ಮನೆ ಮನೆಯಲ್ಲೂ ಜೀನ್ಸಿನ ಕೆಲಸ ಇದೆ. ಒಬ್ಬರ ಮನೆಯಲ್ಲಿ ಜೇಬು ಹೊಲಿದರೆ ಇನ್ನೊಬ್ಬರ ಮನೆಯಲ್ಲಿ ದಾರ ಕತ್ತರಿಸುತ್ತಾರೆ. ನಾನು ಹಾಕುತ್ತಿದ್ದದ್ದೂ ಜೀನ್ಸೇ. ಮದುವೆ ಮನೆಗೂ ಜೀನ್ಸ್, ಗುಡಿಗೂ ಜೀನ್ಸ್. ಈಗ ನನಗೆ 58. ದಿನನಿತ್ಯಕ್ಕೆ ಜೀನ್ಸ್ ಬಿಟ್ಟು ಮೂರು ವರ್ಷ ಆಯಿತು.

ಜೀನ್ಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದು ನನ್ನ ಮಕ್ಕಳನ್ನು ಓದಿಸಿದೆ. ಆದರೆ ಅದರ ಒಳಗೇನಿದೆ ಅಂತ ಗೊತ್ತಿರುವುದರಿಂದಲೇ ಈ ವಯಸ್ಸಿಗೆ ಅದು ಯಾಕೆ ಒಗ್ಗುವುದಿಲ್ಲ ಅಂತ ಹೇಳಬಲ್ಲೆ. ಅದರ ಬದಲು ಎಂಥ ಪ್ಯಾಂಟ್ ಆರಿಸಬೇಕು, ಹೇಗೆ ನೋಡಬೇಕು ಅಂತಲೂ ಹೇಳುತ್ತೇನೆ.

ಬಸ್ಸಿನಲ್ಲಿ ಉರಿದ ತೊಡೆ

ನಾನು ಬಿಟ್ಟದ್ದು ಸುಮ್ನೆ ಅಲ್ಲ. ಮಗಳ ಮನೆಗೆ ಅಂತ ಬಳ್ಳಾರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. 300 ಕಿಲೋಮೀಟರಿಗೂ ಜಾಸ್ತಿ ದಾರಿ. ಹಿರಿಯೂರು ದಾಟುವ ಹೊತ್ತಿಗೆ ಬಲ ತೊಡೆಯ ಹೊರಮಗ್ಗುಲು ಉರಿಯತೊಡಗಿತು. ಆಮೇಲೆ ಇರುವೆ ಹರಿದಂತೆ. ಆಮೇಲೆ ಜೋಮು. ಬೆರಳಿನಿಂದ ಚಿವುಟಿದರೂ ಬೇರೆ ಯಾರದೋ ಕಾಲು ಮುಟ್ಟಿದಂತೆ ಇತ್ತು. ಪಾರ್ಶ್ವವಾಯು ಬಂತೇನೋ ಅಂತ ಹೆದರಿದೆ.

ಡಾಕ್ಟರು ಮಲಗಿಸಿ ನೋಡಿದರು. ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿ ರಕ್ತ ಪರೀಕ್ಷೆ ಬರೆದರು. ಆಮೇಲೆ ನನ್ನ ಬೆಲ್ಟಿನ ಕೆಳಗೆ ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ. ಆಗ ಅವರು ತಿಳಿಸಿ ಹೇಳಿದರು. ಸೊಂಟದ ಮೂಳೆಯ ಮುಂದಿನ ಮೊನೆ ಕೈಗೆ ಸಿಗುತ್ತದಲ್ಲ, ಅದರ ಪಕ್ಕದಲ್ಲೇ ಒಂದು ನರ ಕೆಳಗೆ ಇಳಿದು ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುತ್ತದೆ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಬಿಗಿಯಾಗಿ ಕಟ್ಟಿದರೆ ಪಟ್ಟಿ ಸರಿಯಾಗಿ ಅಲ್ಲೇ ಒತ್ತುತ್ತದೆ. ಅದಕ್ಕೆ ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ ಅಂತ ಹೆಸರು. ಬಿಗಿ ಬಟ್ಟೆ, ಬೆಲ್ಟು, ಹೊಟ್ಟೆ, ಸಕ್ಕರೆ ಕಾಯಿಲೆ, ಇವೆಲ್ಲ ಅದಕ್ಕೆ ಕಾರಣ ಆಗಬಹುದಂತೆ. "ಮೊದಲು ಪ್ಯಾಂಟ್ ಬದಲಾಯಿಸಿ, ಆಮೇಲೆ ಮಾತ್ರೆ ನೋಡೋಣ" ಅಂದರು.

ಮನೆಯಲ್ಲಿ ಲುಂಗಿ, ಹೊರಗೆ ಸಡಿಲ ಪ್ಯಾಂಟ್. ಮೂರು ವಾರದಲ್ಲಿ ಉರಿ ಇಳಿಯಿತು. ನಿಮಗೂ ಹೀಗೆ ಆಗಿದ್ದರೆ ಪ್ಯಾಂಟ್ ಬದಲಾಯಿಸಿ ಸುಮ್ಮನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಜೋಮಿಗೆ ಬೇರೆ ಕಾರಣಗಳೂ ಇರುತ್ತವೆ.

ಜೀನ್ಸಿನ ಒಳಗೆ ಏನಿದೆ

ಜೀನ್ಸ್ ಹುಟ್ಟಿದ್ದು ಕೂಲಿ ಕೆಲಸದವರಿಗಾಗಿ. 1873ರ ಮೇ 20ರಂದು ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೀವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ, ಜೇಬಿನ ಮೂಲೆಗೆ ಲೋಹದ ರಿವೆಟ್ ಹೊಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಎಳೆದರೂ ಹರಿಯಬಾರದು ಅನ್ನುವುದೇ ಅದರ ಗುರಿ. ಇವತ್ತಿಗೂ ಜೀನ್ಸಿನ ಒಂದೊಂದು ಹೊಲಿಗೆಯಲ್ಲೂ ಅದೇ ಗುರಿ ಕಾಣುತ್ತದೆ.

ಒಂದು ಜೀನ್ಸನ್ನು ತಿರುಗಿಸಿ ನೋಡಿ. ಸೀಟಿನ, ಅಂದರೆ ಕುಂಡೆ ಭಾಗದ, ಹೊಲಿಗೆಯಲ್ಲಿ ಎರಡು ಅಂಚನ್ನೂ ಒಂದರೊಳಗೊಂದು ಮಡಚಿ, ಮೇಲೆ ಎರಡು ಸಾಲು ಹೊಲಿದಿರುತ್ತಾರೆ. ಆ ಜಾಗದಲ್ಲಿ ನಾಲ್ಕು ಪದರ ಬಟ್ಟೆ ಸೇರುತ್ತದೆ. ನಾಲ್ಕು ಹೊಲಿಗೆ ಕೂಡುವ ಕಡೆ, ಅಂದರೆ ಎರಡು ಕಾಲಿನ ಸಂದಿಯಲ್ಲಿ, ಒಂದು ಗಂಟೇ ಆಗುತ್ತದೆ. ಸ್ಕೂಟರ್ ಮೇಲೆ ಕೂತಾಗ ನಾವು ಕೂರುವುದು ಆ ಗಂಟಿನ ಮೇಲೆ. ಸೊಂಟಪಟ್ಟಿ ಒಂದೇ ಉದ್ದ ತುಂಡು. ಅದನ್ನು ಕತ್ತರಿಸಿ ಬೇರೆ ಬಟ್ಟೆ ಸೇರಿಸದೆ ದೊಡ್ಡದು ಮಾಡಲು ಆಗುವುದಿಲ್ಲ. ಸೇರಿಸಿದರೆ ಬಣ್ಣ ಕೂಡುವುದಿಲ್ಲ. ಯಾಕೆಂದರೆ ಡೆನಿಮಿನಲ್ಲಿ ಉದ್ದದ ನೂಲಿಗೆ ಮಾತ್ರ ನೀಲಿ ಬಣ್ಣ, ಅಡ್ಡ ನೂಲು ಬಿಳಿ. ಆ ನೀಲಿಯೂ ನೂಲಿನ ಮೇಲ್ಮೈಯಲ್ಲೇ ನಿಂತಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಒಗೆದ ಹಾಗೆ ಬಿಡುತ್ತಾ ಹೋಗುತ್ತದೆ.

ಸಾದಾ ಪ್ಯಾಂಟ್ ತಿರುಗಿಸಿ ನೋಡಿ. ಸೊಂಟಪಟ್ಟಿ ಹಿಂದೆ ಎರಡು ತುಂಡಾಗಿ ಕೂಡಿರುತ್ತದೆ. ಸೀಟಿನ ಹೊಲಿಗೆಯ ಒಳಗೆ, ಒಳ್ಳೆಯ ದರ್ಜಿ ಆದರೆ, ಎರಡೂ ಕಡೆ ಒಂದು ಇಂಚು, ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾನೆ. ಹೊಲಿಗೆ ಬಿಚ್ಚಿ ಹೊರಗೆ ಸರಿಸಿ ಹೊಲಿದರೆ ಸೊಂಟ ಎರಡು ಇಂಚು ದೊಡ್ಡದಾಗುತ್ತದೆ. ಅರ್ಧ ಗಂಟೆಯ ಕೆಲಸ. ಮುಂದಿನ ವರ್ಷ ಹೊಟ್ಟೆ ಕರಗಿದರೆ ಮತ್ತೆ ಒಳಗೆ ಹಿಡಿಯಬಹುದು. ಐವತ್ತರ ನಂತರ ನಮ್ಮ ಸೊಂಟ ಒಂದೇ ಕಡೆ ನಿಲ್ಲುವುದಿಲ್ಲ ಅಲ್ವಾ? ಅದರ ಜೊತೆ ಪ್ಯಾಂಟೂ ಹಿಗ್ಗಬೇಕು, ಕುಗ್ಗಬೇಕು.

ಇನ್ನೊಂದು ವಿಷಯ ಇದೆ. ಇದು ಕಟಿಂಗ್ ಟೇಬಲ್ ಹತ್ತಿರ ನಿಂತವರಿಗೆ ಮಾತ್ರ ಕಾಣುವಂಥದ್ದು. ಮೂವತ್ತನೇ ವಯಸ್ಸಿನಲ್ಲಿ ನನ್ನ ಸೊಂಟ 32, ಸೀಟು 38 ಇತ್ತು. ಈಗ ಸೊಂಟ 37, ಸೀಟು 39. ಸೊಂಟ ಐದು ಇಂಚು ಏರಿದೆ, ಸೀಟು ಒಂದೇ ಇಂಚು. ವಯಸ್ಸಾದಂತೆ ಹೊಟ್ಟೆ ಮುಂದೆ ಬರುತ್ತದೆ. ಕುಂಡೆ, ತೊಡೆಯ ಮಾಂಸ ಕರಗುತ್ತದೆ. ಆದರೆ ರೆಡಿಮೇಡ್ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಅಚ್ಚು, ಮಾಡುವಾಗ ನಾವು ಸೈಜ್ ಏರಿಸುವುದು ಹಾಗಲ್ಲ. ಸೊಂಟ ಎರಡು ಇಂಚು ಏರಿದರೆ ಸೀಟನ್ನೂ ಸುಮಾರು ಅಷ್ಟೇ ಏರಿಸುತ್ತೇವೆ. ಅದಕ್ಕೇ ಹೊಟ್ಟೆಗೆ ಸರಿಯಾದ ಜೀನ್ಸ್ ಕೊಂಡರೆ ಹಿಂದೆ ಜೋಲುತ್ತದೆ. ಸೀಟಿಗೆ ಸರಿಯಾದದ್ದು ಕೊಂಡರೆ ಹೊಟ್ಟೆ ಕೆಳಗೆ ಜಾರಿ ಕಚ್ಚುತ್ತದೆ. ನಿಮ್ಮ ಮೈಯಲ್ಲಿ ತಪ್ಪಿಲ್ಲ. ಪ್ಯಾಟರ್ನ್ ನಿಮ್ಮ ವಯಸ್ಸಿಗೆ ಮಾಡಿದ್ದಲ್ಲ, ಅಷ್ಟೇ.

ಅಳತೆ ಕೂತು ತೆಗೆಯಿರಿ

ಎಲ್ಲ ಅಂಗಡಿಯಲ್ಲೂ ನಾವು ಕನ್ನಡಿ ಮುಂದೆ ನಿಂತು ನೋಡುತ್ತೇವೆ. ದಿನದಲ್ಲಿ ನಾವು ನಿಲ್ಲುವುದು ಎಷ್ಟು ಹೊತ್ತು? ಬಸ್ಸಿನಲ್ಲಿ ಕೂರುತ್ತೇವೆ, ಅಂಗಡಿಯಲ್ಲಿ ಕೂರುತ್ತೇವೆ, ಊಟಕ್ಕೆ ನೆಲದ ಮೇಲೆ ಕೂರುತ್ತೇವೆ. ಕೂತಾಗ ಹೊಟ್ಟೆ ಅಗಲ ಆಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಕುರ್ಚಿಯಲ್ಲಿ ಕೂತು ನಾನು ಟೇಪ್ ಹಿಡಿದರೆ 38 ಮುಕ್ಕಾಲು ಬರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂತು ಹಿಡಿದದ್ದಕ್ಕಿಂತ ಒಂದೂಮುಕ್ಕಾಲು ಇಂಚು ಜಾಸ್ತಿ. ಪ್ಯಾಂಟ್ ಈ ಎರಡೂ ಅಳತೆಗೆ ಹೊಂದಬೇಕು.

ಆದ್ದರಿಂದ ಮೊದಲು ಮನೆಯಲ್ಲಿ ಎರಡು ಅಳತೆ ತೆಗೆಯಿರಿ. ಬೆಳಿಗ್ಗೆ ನಿಂತು ಒಂದು, ಊಟದ ನಂತರ ಕೂತು ಒಂದು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ನೀವು ಪ್ಯಾಂಟ್ ಕಟ್ಟುವ ಜಾಗದಲ್ಲೇ ಟೇಪ್ ಇಡಿ. ವ್ಯತ್ಯಾಸ ಒಂದು ಇಂಚಿನ ಒಳಗಿದ್ದರೆ ಸಾಮಾನ್ಯ ಸೊಂಟಪಟ್ಟಿ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಪಕ್ಕದಲ್ಲಿ ಎಲಾಸ್ಟಿಕ್ ಇರುವುದು ಬೇಕು. ಲೇಬಲ್ ಮೇಲಿನ ನಂಬರ್ ನಂಬಬೇಡಿ. 36 ಅಂತ ಬರೆದ ಪ್ಯಾಂಟನ್ನು ಟೇಬಲ್ ಮೇಲೆ ಹಾಸಿ ಅಳೆದರೆ 37 ಬರುವುದನ್ನೂ 38 ಬರುವುದನ್ನೂ ನಾನು ಎಷ್ಟೋ ಸಲ ನೋಡಿದ್ದೇನೆ. ಜೇಬಿನಲ್ಲಿ ಒಂದು ಟೇಪ್ ಇಟ್ಟುಕೊಂಡು ಹೋಗಿ.

ಅಂಗಡಿಯಲ್ಲಿ ಪ್ಯಾಂಟ್ ಹಾಕಿಕೊಂಡ ಮೇಲೆ ಕುರ್ಚಿ ಕೇಳಿ. ನಾಚಿಕೆ ಬೇಡ. ಎರಡು ನಿಮಿಷ ಕೂತಿರಿ. ಸೊಂಟಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹಿಂದೆ ಕೈ ಇಟ್ಟು ನೋಡಿ, ಪಟ್ಟಿ ಕೆಳಗೆ ಜಾರಿ ಬೆನ್ನು ಕಾಣುತ್ತಿದೆಯಾ? ಜಾರಿದ್ದರೆ ಆ ಪ್ಯಾಂಟಿನ ಹಿಂಭಾಗ ಗಿಡ್ಡ. ಎದ್ದು ಕುಕ್ಕರಗಾಲಲ್ಲಿ ಕೂತು ನೋಡಿ. ಮಂಡಿ ನೋವಿದ್ದರೆ ಅದು ಬೇಡ, ಬದಲಿಗೆ ಒಂದು ಕಾಲನ್ನು ಸ್ಟೂಲ್ ಮೇಲೆ ಇಡಿ, ಸ್ಕೂಟರ್ ಹತ್ತುವ ಹಾಗೆ ಪಕ್ಕಕ್ಕೆ ಎತ್ತಿ. ಚಪ್ಪಲಿಯ ಪಟ್ಟಿ ಸರಿಮಾಡುವ ಹಾಗೆ ಬಗ್ಗಿ. ಎಲ್ಲಾದರೂ ಬಟ್ಟೆ ತಡೆದು ನಿಲ್ಲಿಸಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. "ಒಗೆದರೆ ಸಡಿಲ ಆಗುತ್ತೆ ಸರ್" ಅಂತಾರೆ. ಕಾಟನ್ ಒಗೆದರೆ ಕುಗ್ಗುವುದೇ ಹೆಚ್ಚು.

ರೈಸ್ ಅನ್ನುವುದೊಂದಿದೆ

ಪ್ಯಾಂಟಿನಲ್ಲಿ ಎಲ್ಲರೂ ನೋಡುವುದು ಸೊಂಟ ಮತ್ತು ಉದ್ದ. ಆರಾಮ ಇರುವುದು ಬೇರೆ ಅಳತೆಯಲ್ಲಿ. ಕಾಲು ಕೂಡುವ ಹೊಲಿಗೆಯಿಂದ ಮೇಲೆ ಸೊಂಟಪಟ್ಟಿಯ ಅಂಚಿನ ತನಕ ಇರುವ ಉದ್ದಕ್ಕೆ ನಾವು ರೈಸ್ ಅನ್ನುತ್ತೇವೆ. ಮುಂದೆ ಒಂದು, ಹಿಂದೆ ಒಂದು. ಲೋ ವೇಸ್ಟ್ ಜೀನ್ಸ್ ಬಂದ ಕಾಲದಲ್ಲಿ ನಾವು ಮುಂದಿನ ರೈಸನ್ನು ಎಂಟು, ಎಂಟೂವರೆ ಇಂಚಿಗೆ ಇಳಿಸಿದ್ದೆವು. ಆ ಪ್ಯಾಂಟ್ ಸೊಂಟದ ಮೂಳೆಯ ಮೇಲೆಯೇ ಕೂರುತ್ತದೆ, ನರ ಹಾದು ಹೋಗುವ ಜಾಗದಲ್ಲಿ. ನನಗೆ ತೊಂದರೆ ಕೊಟ್ಟದ್ದೂ ಅಂಥದ್ದೇ. ಅದನ್ನು ಕತ್ತರಿಸಿದ್ದು ನನ್ನದೇ ಕೈ.

ಈಗ ಮುಂದೆ 11 ಇಂಚಿಗಿಂತ ಕಡಿಮೆ ಇರುವುದನ್ನು ನಾನು ಕೊಳ್ಳುವುದಿಲ್ಲ. ಹಿಂದೆ 15 ಅಥವಾ 16 ಇರಬೇಕು. ಹಿಂದಿನ ರೈಸ್ ಉದ್ದ ಇದ್ದರೆ ಕೂತಾಗ ಪ್ಯಾಂಟ್ ಕೆಳಗೆ ಜಗ್ಗುವುದಿಲ್ಲ. ನಿಮ್ಮ ಎತ್ತರಕ್ಕೆ ತಕ್ಕಂತೆ ಅರ್ಧ ಇಂಚು ಆಚೀಚೆ ಆಗಬಹುದು. ತುಂಬ ಉದ್ದ ಆದರೂ ತೊಂದರೆಯೇ, ತೊಡೆಸಂದಿಯಲ್ಲಿ ಬಟ್ಟೆ ಗೋಣಿ ಹಾಗೆ ನೇತಾಡಿ ಉಜ್ಜುತ್ತದೆ.

ಹೊಟ್ಟೆ ಇರುವವರು ಒಂದು ನಿರ್ಧಾರ ಮಾಡಬೇಕು. ಪ್ಯಾಂಟ್ ಹೊಟ್ಟೆಯ ಮೇಲೆಯೋ, ಕೆಳಗೆಯೋ? ಮೇಲೆ, ಅಂದರೆ ಹೊಕ್ಕುಳಿನ ಹತ್ತಿರ ಕಟ್ಟುವವರಿಗೆ ರೈಸ್ ಉದ್ದ ಬೇಕು. ಕೆಳಗೆ ಕಟ್ಟುವವರಿಗೆ ಮುಂದಿನ ಪಟ್ಟಿ ಹಿಂದಿನದಕ್ಕಿಂತ ಅರ್ಧ ಮುಕ್ಕಾಲು ಇಂಚು ಇಳಿದಿರಬೇಕು. ಇದು ರೆಡಿಮೇಡಿನಲ್ಲಿ ಸಿಗುವುದು ಕಷ್ಟ, ದರ್ಜಿಗೆ ಹೇಳಿದರೆ ಮಾಡಿಕೊಡುತ್ತಾರೆ. ನನ್ನ ಮಟ್ಟಿಗೆ ಹೊಕ್ಕುಳಿನ ಒಂದು ಇಂಚು ಕೆಳಗೆ ಕಟ್ಟುವುದೇ ಒಳ್ಳೆಯದು. ಅಲ್ಲಿ ಮೂಳೆ ಇಲ್ಲ, ಒತ್ತುವುದಿಲ್ಲ.

ಮುಂದೆ ನೆರಿಗೆ ಇರುವ ಪ್ಯಾಂಟ್ ಹಳೇ ಕಾಲದ್ದು ಅಂತ ಎಷ್ಟೋ ಜನ ಬೇಡ ಅನ್ನುತ್ತಾರೆ. ಬೇಡ ಅನ್ನಬೇಡಿ. ಒಂದೊಂದು ಕಡೆ ಒಂದು ನೆರಿಗೆ ಇದ್ದರೂ ಕೂತಾಗ ಅದು ತೆರೆದುಕೊಂಡು ಒಂದು ಇಂಚಿನಷ್ಟು ಜಾಗ ಕೊಡುತ್ತದೆ, ಎದ್ದಾಗ ಮುಚ್ಚಿಕೊಳ್ಳುತ್ತದೆ. ನಿಂತಾಗಲೂ ನೆರಿಗೆ ಬಾಯಿ ಬಿಟ್ಟಿದ್ದರೆ ಸೀಟು ಬಿಗಿ ಇದೆ ಅಂತ ಅರ್ಥ.

ಬಟ್ಟೆ

ಒಂದು ದಿನ ಪಕ್ಕದ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ನನ್ನ ಹಳೇ ಜೀನ್ಸ್ ತೂಗಿದೆ. 780 ಗ್ರಾಂ. ಈಗ ಹಾಕುವ ಕಾಟನ್ ಪ್ಯಾಂಟ್ 390. ಸರಿಯಾಗಿ ಅರ್ಧ. ಡೆನಿಮನ್ನು ನಾವು ಔನ್ಸ್ ಲೆಕ್ಕದಲ್ಲಿ ಹೇಳುತ್ತೇವೆ. 12 ಔನ್ಸ್ ಅಂದರೆ ಒಂದು ಚದರ ಗಜ ಬಟ್ಟೆಯ ತೂಕ ಅಷ್ಟು. ಗ್ರಾಂ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 400. ದಿನನಿತ್ಯದ ಪ್ಯಾಂಟಿಗೆ 200ರಿಂದ 260 ಗ್ರಾಂ ಸಾಕು. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ದಪ್ಪ ಡೆನಿಮ್ ಬೆವರು ಹೀರಿ ಒಣಗದೆ ತೊಡೆಗೆ ಅಂಟಿಕೊಂಡೇ ಇರುತ್ತದೆ. ತೊಡೆಸಂದಿಯಲ್ಲಿ ಗಜಕರ್ಣ ಆದವರು ಮುಲಾಮು ಹಚ್ಚುತ್ತಾರೆ, ಮತ್ತೆ ಅದೇ ಒದ್ದೆ ಬಿಗಿ ಪ್ಯಾಂಟ್ ಹಾಕುತ್ತಾರೆ. ಹಾಗಾದರೆ ಹೇಗೆ ವಾಸಿಯಾದೀತು?

ನಾನು ಮೊದಲು ಎರಡು ತಪ್ಪು ಕೊಂಡೆ. ಒಂದು, ಪೂರ್ತಿ ಪಾಲಿಯೆಸ್ಟರಿನ ಪ್ಯಾಂಟ್. ಹಗುರ ಇತ್ತು, ಇಸ್ತ್ರಿ ಬೇಡ. ಆದರೆ ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಬೆವರು ಕಾಲಿನ ಮೇಲೇ ಇಳಿಯುತ್ತಿತ್ತು. ಎರಡನೆಯದು ತುಂಬ ಎಳೆಯುವ ಬಟ್ಟೆ. ಹಾಕಿದ ದಿನ ಸ್ವರ್ಗ. ಎರಡು ತಿಂಗಳಿಗೆ ಮಂಡಿಯಲ್ಲಿ ಚೀಲ ಬಂತು, ಸೀಟು ಜೋತಿತು. ಎಳೆಯುವ ನೂಲು ಜಾಸ್ತಿ ಇದ್ದರೆ, ಬಟ್ಟೆ ಚೆನ್ನಾಗಿಲ್ಲದಿದ್ದರೆ, ಹೀಗಾಗುತ್ತದೆ. ಒಳಗಿನ ಲೇಬಲ್ ಓದಿ. ಕಾಟನ್ 98, ಇಲಾಸ್ಟೇನ್ 2 ಅಂತ ಇದ್ದರೆ ಒಳ್ಳೆಯದು. ಅದಕ್ಕೇ ಕೆಲವರು ಲೈಕ್ರಾ ಅನ್ನುತ್ತಾರೆ, ಕೆಲವರು ಸ್ಪ್ಯಾಂಡೆಕ್ಸ್ ಅನ್ನುತ್ತಾರೆ, ಎಲ್ಲ ಒಂದೇ ಜಾತಿಯ ನೂಲು. ಬಿಸಿ ಅದಕ್ಕೆ ಆಗುವುದಿಲ್ಲ. ಬಿಸಿನೀರು, ಬ್ಲೀಚಿಂಗ್ ಪುಡಿ, ಸುಡು ಇಸ್ತ್ರಿ ಬೇಡ. ನೆರಳಲ್ಲಿ ಒಣಗಿಸಿ.

ಇಸ್ತ್ರಿ ಹಾಕಿಸಲು ಆಗದವರಿಗೆ ಪಾಲಿಯೆಸ್ಟರ್ ವಿಸ್ಕೋಸ್ ಬೆರೆತ ಬಟ್ಟೆ ಸರಿ. ವಿಸ್ಕೋಸ್ ಬೆವರು ಹೀರುತ್ತದೆ, ಪಾಲಿಯೆಸ್ಟರ್ ಸುಕ್ಕು ತಡೆಯುತ್ತದೆ. ಲಿನನ್ ಬೇಸಿಗೆಗೆ ಬಹಳ ತಂಪು, ಬೇಗ ಒಣಗುತ್ತದೆ, ಆದರೆ ಸುಕ್ಕಾಗಿಯೇ ಇರುತ್ತದೆ, ಬೆಲೆಯೂ ಜಾಸ್ತಿ. ಅಂಗಡಿಯಲ್ಲಿ ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡಿ. ಎಷ್ಟು ಸುಕ್ಕು ಉಳಿಯಿತೋ ಅಷ್ಟು ದಿನವಿಡೀ ಇರುತ್ತದೆ. ಬೆಳಕಿಗೆ ಹಿಡಿದು ನೋಡಿ. ಬೆರಳು ಆಚೆ ಕಂಡರೆ ತೀರ ತೆಳು, ಜೇಬಿನ ಬಿಳಿ ಬಟ್ಟೆ ಹೊರಗೆ ಕಾಣುತ್ತದೆ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಮೊದಲ ಪ್ಯಾಂಟ್ ಖಾಕಿ ಇರಲಿ. ಖಾಕ್ ಅಂದರೆ ಉರ್ದುವಿನಲ್ಲಿ ಮಣ್ಣು, ದೂಳು. ಸಂಡೂರಿನ ಕಡೆಯಿಂದ ಅದಿರಿನ ದೂಳು ಬರುವ ನಮ್ಮ ಜಿಲ್ಲೆಗೆ ಅದಕ್ಕಿಂತ ಒಳ್ಳೆಯ ಬಣ್ಣ ಇಲ್ಲ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 19ನೇ ಶತಮಾನದಲ್ಲೇ ಖಾಕಿ ಬಟ್ಟೆ ನೇಯುತ್ತಿದ್ದರು. ಜೀನ್ಸ್ ಜೊತೆ ಹಾಕುತ್ತಿದ್ದ ನೀಲಿ, ಬಿಳಿ, ಚೌಕಳಿ ಶರ್ಟು ಎಲ್ಲ ಅದಕ್ಕೂ ಒಪ್ಪುತ್ತವೆ. ಎರಡನೆಯದು ಕಡು ನೀಲಿ ಆಗಲಿ. ಜೀನ್ಸಿನ ನೆನಪು ಕಣ್ಣಿಗೆ ಉಳಿಯುತ್ತದೆ.

ಸೊಂಟಪಟ್ಟಿ, ಕೊಂಡಿ, ಜಿಪ್ಪು

ಎಲಾಸ್ಟಿಕ್ ಅಂದ ತಕ್ಷಣ ಪೈಜಾಮ ಅಂದುಕೊಳ್ಳಬೇಡಿ. ಮುಂದೆ ಚಪ್ಪಟೆ ಪಟ್ಟಿ, ಕೊಂಡಿ, ಜಿಪ್ಪು ಎಲ್ಲ ಇದ್ದು, ಎರಡು ಪಕ್ಕದಲ್ಲಿ ಮಾತ್ರ ಎರಡೆರಡು ಇಂಚು ಎಲಾಸ್ಟಿಕ್ ಇರುವ ಪ್ಯಾಂಟ್ ಸಿಗುತ್ತದೆ. ಶರ್ಟ್ ಹೊರಗೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಪೂರ್ತಿ ಎಲಾಸ್ಟಿಕ್ ಕೊಳ್ಳುವುದಾದರೆ ಪಟ್ಟಿ ಅಗಲ ಇರಲಿ, ಒಂದೂವರೆ ಇಂಚಾದರೂ ಇರಲಿ. ಸಣ್ಣ ಎಲಾಸ್ಟಿಕ್ ದಾರದ ಹಾಗೆ ಕೊರೆಯುತ್ತದೆ. ರಾತ್ರಿ ಪ್ಯಾಂಟ್ ಬಿಚ್ಚಿದಾಗ ಸೊಂಟದ ಮೇಲೆ ಕೆಂಪು ಗೆರೆ ನೋಡಿ. ಕಾಲು ಗಂಟೆಯಲ್ಲಿ ಮಾಯ ಆದರೆ ಪರವಾಗಿಲ್ಲ. ಊಟ ಮುಗಿಸಿ ಮಲಗುವ ಹೊತ್ತಿಗೂ ಇದ್ದರೆ ಬಿಗಿ ಇದೆ.

ಇನ್ನು ಬೆರಳುಗಳ ಮಾತು. ಜೀನ್ಸಿನ ಲೋಹದ ಗುಂಡಿ ದಪ್ಪ, ಅದರ ಕಾಜ ಗಟ್ಟಿ. ಬೆರಳ ಗಿಣ್ಣು ನೋಯುವವರಿಗೆ ಅದನ್ನು ತೆಗೆಯುವುದೇ ಒಂದು ಕಷ್ಟ. ವಯಸ್ಸಾದ ಮೇಲೆ ಮೂತ್ರಕ್ಕೆ ಅವಸರ ಬರುತ್ತದೆ. ಪ್ರೊಸ್ಟೇಟ್ ತೊಂದರೆ ಇರುವವರಿಗೆ ಇನ್ನೂ ಜಾಸ್ತಿ. ನನ್ನ ಅಂಗಡಿಗೆ ಬರುವ ಒಬ್ಬ ನಿವೃತ್ತ ಮೇಷ್ಟ್ರು ಈ ಕಾರಣಕ್ಕೇ ಮದುವೆ ಮುಂಜಿಗೆ ಹೋಗುವುದು ಬಿಟ್ಟಿದ್ದರು. ಅವರ ಪ್ಯಾಂಟಿಗೆ ಗುಂಡಿ ತೆಗೆದು ಚಪ್ಪಟೆ ಕೊಂಡಿ ಹಾಕಿದೆ. ನಾಲ್ಕೂವರೆ ಇಂಚಿನ ಜಿಪ್ಪು ತೆಗೆದು, ರೈಸ್ ಇದ್ದಷ್ಟು ಕೆಳಗೆ ಇಳಿಸಿ ಏಳು ಇಂಚಿನದು ಹಾಕಿದೆ. ಜಿಪ್ಪಿನ ತುದಿಗೆ ಒಂದು ಸಣ್ಣ ಉಂಗುರ ಸಿಕ್ಕಿಸಿದೆ, ಬೆರಳು ತೂರಿಸಿ ಎಳೆಯಲು. ಈಗ ಹೋಗುತ್ತಾರೆ. ಇಂಥ ಕೆಲಸಕ್ಕೆ ಯಾವ ದರ್ಜಿಯೂ ಇಲ್ಲ ಅನ್ನುವುದಿಲ್ಲ, ಬಾಯಿ ಬಿಟ್ಟು ಕೇಳಬೇಕು ಅಷ್ಟೇ.

ಬೆಲ್ಟ್ ಬೇಕೇ ಬೇಕು ಅನ್ನುವವರು ಕೂತಾಗ ಒಂದು ತೂತು ಸಡಿಲ ಮಾಡಿ. ಪರ್ಸನ್ನು ಹಿಂದಿನ ಜೇಬಿನಲ್ಲಿ ಇಟ್ಟುಕೊಂಡು ಗಂಟೆಗಟ್ಟಲೆ ಕೂರಬೇಡಿ. ಒಂದು ಕಡೆ ಎತ್ತರ ಆಗಿ ಸೊಂಟ ವಾರೆ ಆಗುತ್ತದೆ, ಕುಂಡೆಯ ಕೆಳಗಿನ ನರ ಒತ್ತುತ್ತದೆ. ಸಾದಾ ಪ್ಯಾಂಟಿನ ಪಕ್ಕದ ಓರೆ ಜೇಬು ಆಳ ಇರುತ್ತದೆ, ಅದರಲ್ಲಿ ಇಡಿ. ಕೂತಾಗ ಫೋನ್ ಜಾರಿ ಬೀಳುವ ಭಯ ಇದ್ದರೆ ಜೇಬಿನೊಳಗೆ ಇನ್ನೊಂದು ಜಿಪ್ಪಿನ ಜೇಬು ಹೊಲಿಸಿ.

ಕೆಳಗಿನ ಅಂಚು

ಇದು ಅಂದಕ್ಕಿಂತ ಹೆಚ್ಚಾಗಿ ಜೀವದ ವಿಷಯ. ಪ್ಯಾಂಟಿನ ಅಂಚು ನೆಲ ಮುಟ್ಟಬಾರದು. ಹಿಮ್ಮಡಿ ಕೆಳಗೆ ಸಿಕ್ಕಿಕೊಂಡು ಮೆಟ್ಟಿಲಲ್ಲಿ ಬಿದ್ದವರನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಬರಿಗಾಲಲ್ಲಿ ನಿಂತಾಗಲೂ ಅಂಚು ನೆಲದಿಂದ ಮುಕ್ಕಾಲು ಇಂಚು ಮೇಲಿರಲಿ. ಕೆಳಗಿನ ಸುತ್ತಳತೆ 15 ಇಂಚು ಇದ್ದರೆ ನೋಡಲು ನೀಟಾಗಿರುತ್ತದೆ, ಬಚ್ಚಲಿಗೆ ಹೋಗುವಾಗ ಮೇಲೆ ಮಡಚಲೂ ಬರುತ್ತದೆ. 13ಕ್ಕೆ ಇಳಿಸಿದರೆ ಕೂತು ಕಾಲು ತೂರಿಸುವುದೇ ಕಷ್ಟ. 18 ಆದರೆ ಸ್ಕೂಟರಿನ ಕಿಕ್ಕರಿಗೆ ಸಿಗುತ್ತದೆ.

ಜೀನ್ಸ್ ಬಿಟ್ಟರೆ ಮುದುಕ ಅನ್ನಿಸಿಕೊಳ್ಳುತ್ತೇನೆ ಅನ್ನುವ ಅಳುಕು ನನಗೂ ಇತ್ತು. ಮೊದಲ ದಿನ ಸಾದಾ ಪ್ಯಾಂಟ್ ಹಾಕಿ ಹಳೇ ಯೂನಿಟ್ಟಿಗೆ ಹೋದಾಗ ಹುಡುಗರು ಏನಂದಾರು ಅಂತ ಎದೆ ಡವಡವ ಅಂದಿತ್ತು. ಮುದುಕನಂತೆ ಕಾಣಿಸುವುದು ಪ್ಯಾಂಟಿನಿಂದಲ್ಲ. ಜೋಲುವ ಸೀಟಿನಿಂದ, ನೆಲ ಗುಡಿಸುವ ಅಂಚಿನಿಂದ. ಅಳತೆ ಸರಿ ಇದ್ದರೆ ನೆಟ್ಟಗೆ ನಡೆಯುತ್ತೀರಿ. ಬಿಗಿ ಜೀನ್ಸಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಒದ್ದಾಡುವವರನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಹೆಂಗಸರಿಗೆ ಒಂದು ಮಾತು. ಕುರ್ತಾ ಜೊತೆ ಜೀನ್ಸ್ ಹಾಕುವ ಐವತ್ತು ದಾಟಿದ ಗಿರಾಕಿಗಳು ನನಗೆ ಬಹಳ ಜನ ಇದ್ದಾರೆ. ಸಿಸೇರಿಯನ್ ಗಾಯದ ಮೇಲೆ ಪಟ್ಟಿ ಉಜ್ಜುತ್ತದೆ ಅಂತ ಹೇಳುತ್ತಾರೆ, ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಇದ್ದಕ್ಕಿದ್ದಂತೆ ಬಿಸಿ ಆಗುತ್ತದೆ ಅಂತ ಹೇಳುತ್ತಾರೆ. ಗಾಯದ ಮೇಲಕ್ಕೆ ಬರುವ ಅಗಲ ಪಟ್ಟಿಯ ಕಾಟನ್ ಪ್ಯಾಂಟ್ ಅವರಿಗೆ ಸರಿ. ಜೇಬು ಇಲ್ಲದ್ದನ್ನು ಕೊಳ್ಳಬೇಡಿ. ಕೊಂಡಿದ್ದರೆ ಪಕ್ಕದ ಹೊಲಿಗೆ ಬಿಚ್ಚಿ ಜೇಬು ಇಡಿಸಿ, ಸಣ್ಣ ಖರ್ಚು.

ಹೊಲಿಸುವುದಾದರೆ

ಹೊಟ್ಟೆಗೂ ಸೀಟಿಗೂ ಹೊಂದಿಕೆ ಇಲ್ಲದವರಿಗೆ ಹೊಲಿಸುವುದೇ ವಾಸಿ. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆ ಒಂದು ಪ್ಯಾಂಟಿಗೆ 1.30 ಮೀಟರ್ ತನ್ನಿ. ನೆರಿಗೆ ಬೇಕಿದ್ದರೆ 10 ಸೆಂಟಿಮೀಟರ್ ಜಾಸ್ತಿ. ಕಾಟನ್ ಆದರೆ ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಆಮೇಲೆ ಕೊಡಿ. ನೂರಕ್ಕೆ ಮೂರರಷ್ಟು ಕುಗ್ಗಿದರೂ 40 ಇಂಚು ಉದ್ದದಲ್ಲಿ ಒಂದು ಇಂಚಿಗಿಂತ ಜಾಸ್ತಿ ಹೋಗುತ್ತದೆ. ದರ್ಜಿ ಟೇಪ್ ಹಿಡಿದಾಗ ಕೂತು ಒಂದು ಅಳತೆ ತೆಗೆಯಲು ಹೇಳಿ. ಸೀಟಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳಿ. ಅಂಚಿನಲ್ಲಿ ಎರಡು ಇಂಚು ಮಡಚಿಸಿ. ಈ ಮೂರು ಮಾತು ಕೇಳಿದರೆ ಯಾವ ಮಾಸ್ಟರಿಗೂ ನಿಮಗೆ ಕೆಲಸ ಗೊತ್ತಿದೆ ಅಂತ ತಿಳಿಯುತ್ತದೆ.

ಒಂದೇ ಸಲ ನಾಲ್ಕು ಬೇಡ. ಒಂದು ಹೊಲಿಸಿ, ಎರಡು ಸಲ ಒಗೆದು, ಒಂದು ಬಸ್ ಪ್ರಯಾಣ ಮಾಡಿ, ಆಮೇಲೆ ಎರಡನೆಯದಕ್ಕೆ ಕೊಡಿ. ಸರಿ ಬಂದ ಪ್ಯಾಂಟಿನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿ. ನನ್ನ ಚೀಟಿ ಹೀಗಿದೆ: ಸೊಂಟ 38, ಪಕ್ಕದ ಎಲಾಸ್ಟಿಕ್ ಎಳೆದರೆ 39. ಸೀಟು 43. ತೊಡೆ 26. ಮಂಡಿ 19. ಅಂಚು 15. ಮುಂದಿನ ರೈಸ್ 11 ಕಾಲು, ಹಿಂದಿನದು 16. ಉದ್ದ 40. ಒಂದು ಕಡೆ ಒಂದು ನೆರಿಗೆ, ಚಪ್ಪಟೆ ಕೊಂಡಿ, ಏಳು ಇಂಚು ಜಿಪ್ಪು. ಚೀಟಿಯ ಕೆಳಗೆ ತಾರೀಕು ಹಾಕಿ. ಆರು ತಿಂಗಳಿಗೊಮ್ಮೆ ಕುರ್ಚಿಯಲ್ಲಿ ಕೂತು ಮತ್ತೆ ಟೇಪ್ ಹಿಡಿಯಿರಿ.